ನ್ಯೂಟ್ರಲ್ ಇಲ್ಲದ ಬೋರ್ಡಿಗೆ ಸ್ಮಾರ್ಟ್ ಸ್ವಿಚ್: ಹಾಸನ, ಸಕಲೇಶಪುರದ ಹಳೇ ಮನೆಗಳಲ್ಲಿ ನಾನು ಹಾಕುವ ರೀತಿ

ಫೋನಿನಿಂದಲೂ ದೀಪ ಹಚ್ಚಿ ಆರಿಸಲು ಸ್ವಿಚ್ಚಿನ ಹಿಂದೆ ಕೂರಿಸುವ ಸಣ್ಣ ಪೆಟ್ಟಿಗೆಯೇ ಸ್ಮಾರ್ಟ್ ಸ್ವಿಚ್ ಮಾಡ್ಯೂಲ್. ಅದು ಕೆಲಸ ಮಾಡಲು ಸಾಮಾನ್ಯವಾಗಿ ಫೇಸ್ (ಕರೆಂಟ್ ತರುವ ವೈರು) ಜೊತೆಗೆ ನ್ಯೂಟ್ರಲ್ (ಕರೆಂಟ್ ವಾಪಸ್ ಒಯ್ಯುವ ವೈರು) ಕೂಡ ಬೇಕು. ಹಳೇ ಮನೆ ಅಂದ ತಕ್ಷಣ ನ್ಯೂಟ್ರಲ್ ಇಲ್ಲ ಅಂತ ತೀರ್ಮಾನಿಸಿ, ನ್ಯೂಟ್ರಲ್ ಬೇಡದ ಮಾಡ್ಯೂಲನ್ನು ಆನ್‌ಲೈನಲ್ಲಿ ತರಿಸಿಬಿಡುವವರು ಬಹಳ. ಮೊದಲು ಬೋರ್ಡ್ ಬಿಚ್ಚಿ. ಅದರಲ್ಲಿ ಒಂದು 5 ಆಂಪ್ ಸಾಕೆಟ್ ಇದ್ದರೆ ನ್ಯೂಟ್ರಲ್ ಇದ್ದೇ ಇರುತ್ತೆ. ಎದುರಿಗೆ ನಿಂತು ನೋಡಿದರೆ ಬಲಗಡೆ ತೂತು ಫೇಸ್, ಎಡಗಡೆಯದು ನ್ಯೂಟ್ರಲ್ ಇರಬೇಕು. ಅದಲು ಬದಲು ಕೊಟ್ಟಿರುವ ಮನೆಗಳೂ ಇವೆ, ಹಾಗಾಗಿ ಟೆಸ್ಟರ್ ಹಿಡಿದೇ ನಂಬಬೇಕು. ಹಾಲ್, ರೂಮಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಸಮಸ್ಯೆ ಇರಲ್ಲ. ತೊಂದರೆ ಬರುವುದು ಮೆಟ್ಟಿಲು, ಬಚ್ಚಲು, ಜಗಲಿ, ಗೇಟಿನ ದೀಪದ ಒಂಟಿ ಸ್ವಿಚ್ಚುಗಳಲ್ಲಿ. ಅಲ್ಲಿಗೆ ಇಳಿದಿರುವುದು ಎರಡೇ ವೈರು: ಒಂದು ಫೇಸ್, ಇನ್ನೊಂದು ಸ್ವಿಚ್ಚಿನಿಂದ ದೀಪಕ್ಕೆ ಹೋಗುವುದು. ನ್ಯೂಟ್ರಲ್ ಮೇಲಿನ ಜಂಕ್ಷನ್ ಬಾಕ್ಸಿನಿಂದ ನೇರ ದೀಪಕ್ಕೇ ಹೋಗಿರುತ್ತೆ.

ಹೆಚ್ಚು ಜನ ಮೋಸ ಹೋಗುವ ಜಾಗ ಇದು. ಸ್ವಿಚ್ ಆಫ್ ಮಾಡಿ ಈ ಎರಡು ವೈರಿಗೂ ಮಲ್ಟಿಮೀಟರ್ ಹಿಡಿದರೆ 230ರ ಹತ್ತಿರ ತೋರಿಸುತ್ತೆ. ‘ಸಿಕ್ಕಿತು ನ್ಯೂಟ್ರಲ್’ ಅನ್ನಿಸುತ್ತೆ, ಆದರೆ ಅದು ನ್ಯೂಟ್ರಲ್ ಅಲ್ಲ. ಎರಡನೇ ವೈರು ಬಲ್ಬಿನ ಮೂಲಕ ಆಚೆ ಕಡೆಯ ನ್ಯೂಟ್ರಲ್ಲಿಗೆ ತಗುಲಿಕೊಂಡಿದೆ. ಮೀಟರ್ ಎಳೆಯುವ ಕರೆಂಟ್ ಅತಿ ಕಡಿಮೆಯಾದ್ದರಿಂದ ಬಲ್ಬ್ ನಡುವೆ ಇದ್ದರೂ ಪೂರ್ತಿ ವೋಲ್ಟೇಜ್ ಕಾಣುತ್ತೆ. ಡಿಜಿಟಲ್ ಮೀಟರ್ ಅಂತೂ ಎಲ್ಲಿಗೂ ತಾಗದೆ ಪೈಪಿನಲ್ಲಿ ಬಿದ್ದಿರುವ ವೈರಿನಲ್ಲೂ ಸುಳ್ಳು ವೋಲ್ಟೇಜ್ ತೋರಿಸಬಲ್ಲದು. ನಾನು ನಂಬುವುದು 60 ವಾಟಿನ ತಂತಿ ಬಲ್ಬ್ ಹಾಕಿದ ಟೆಸ್ಟ್ ಲ್ಯಾಂಪನ್ನು. ಆ ಸ್ವಿಚ್ಚಿನ ದೀಪವನ್ನು ಹೋಲ್ಡರಿನಿಂದ ತೆಗೆದು, ಫೇಸಿಗೂ ಅನುಮಾನದ ವೈರಿಗೂ ಲ್ಯಾಂಪ್ ಹಿಡಿದರೆ, ಪೂರ್ತಿ ಬೆಳಗಿದರೆ ಮಾತ್ರ ನ್ಯೂಟ್ರಲ್. ಅರ್ತಿಗೆ ಹಿಡಿದರೂ ಬೆಳಗಬಹುದು, ಆದರೆ ಮೇನಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಹೋದ ಕರೆಂಟ್ ಪೂರ್ತಿ ವಾಪಸ್ ಬಾರದಿದ್ದರೆ ಲೈನ್ ಕಡಿಯುವ ಸ್ವಿಚ್) ಇದ್ದರೆ ತಕ್ಷಣ ಟ್ರಿಪ್ ಆಗಿ ಗುಟ್ಟು ರಟ್ಟಾಗುತ್ತೆ. ವೈರಿನ ಬಣ್ಣ ನೋಡಿ ನಿರ್ಧರಿಸಬೇಡಿ. ಕಪ್ಪು ವೈರಿನಲ್ಲಿ ಫೇಸ್ ಓಡಿಸಿರುವ ಬೋರ್ಡುಗಳಿಗೆ ನಮ್ಮ ಕಡೆ ಬರವಿಲ್ಲ.

ನ್ಯೂಟ್ರಲ್ ಎಳೆಯಲು ಸಾಧ್ಯವಿದ್ದರೆ ಎಳೆದುಬಿಡಿ, ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ಹೆಂಚಿನ ಮನೆಗಳಲ್ಲಿ ಇದು ಆರ್‌ಸಿಸಿ ಮನೆಗಿಂತ ಸುಲಭ. ಕೇಸಿಂಗ್-ಕ್ಯಾಪಿಂಗ್ (ಗೋಡೆಯ ಮೇಲೆ ವೈರು ಮುಚ್ಚುವ ಪಟ್ಟಿ) ಇದ್ದರೆ ಮುಚ್ಚಳ ತೆಗೆದು, ಅಟ್ಟದ ಮೇಲಿನ ಜಂಕ್ಷನ್‌ನಿಂದ 1 ಸ್ಕ್ವೇರ್ ಎಂಎಂ ಕಪ್ಪು ವೈರು ಮಲಗಿಸಿದರಾಯಿತು. ಗೋಡೆಯೊಳಗಿನ ಪೈಪಾದರೆ ಹಳೇ ವೈರೊಂದಕ್ಕೆ ಹೊಸ ಎರಡು ವೈರು ಕಟ್ಟಿ ಮೇಲಿನಿಂದ ಎಳೆಯುತ್ತೇನೆ, ಗಂಟಿಗೆ ಟೇಪ್ ಬಿಗಿಯಾಗಿ ಸುತ್ತಿ. ಹಳೇ ಕಬ್ಬಿಣದ ಪೈಪಿನಲ್ಲಿ ತುಕ್ಕು ಹಿಡಿದು ಇನ್ಸುಲೇಷನ್ ಪುಡಿಪುಡಿಯಾಗಿದ್ದರೆ ಎಳೆಯುವ ಸಾಹಸ ಬೇಡ. ಅಂಥ ಕಡೆ ಆ ವೈರಿಂಗನ್ನೇ ಬದಲಿಸಬೇಕು, ಸ್ಮಾರ್ಟ್ ಸ್ವಿಚ್ಚಿನ ಮಾತು ಆಮೇಲೆ.

ಎಳೆದ ನ್ಯೂಟ್ರಲ್ ಅದೇ ಸರ್ಕ್ಯೂಟಿನದೇ ಆಗಿರಬೇಕು. ಬೇರೆ ಆರ್‌ಸಿಸಿಬಿಯ ಲೈನಿನಿಂದ ಸಾಲ ತಂದರೆ, ಅಥವಾ ಅರ್ತನ್ನೇ ನ್ಯೂಟ್ರಲ್ ಅಂತ ಕೊಟ್ಟರೆ, ಒಂದೆರಡು ಮಾಡ್ಯೂಲ್ ಹಾಕಿದಾಗ ಏನೂ ಗೊತ್ತಾಗಲ್ಲ. ಒಂದೊಂದು ಮಾಡ್ಯೂಲೂ ಕೆಲವು ಮಿಲಿಆಂಪನ್ನು ಬೇರೆ ದಾರಿಯಲ್ಲಿ ವಾಪಸ್ ಕಳಿಸುತ್ತೆ. 30 ಮಿಲಿಆಂಪಿನ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಐದಾರು ಆದಮೇಲೆ ಕಾರಣವೇ ಇಲ್ಲದೆ ಟ್ರಿಪ್ ಆಗುತ್ತಿದೆ ಅಂತ ದೂರು ಬರುವುದು ಇದರಿಂದ. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಇನ್ನೂ ಕಷ್ಟ: ಅರ್ತ್ ವೈರು ಎಲ್ಲೋ ಕಡಿದರೆ ಮಾಡ್ಯೂಲಿನ ಮೂಲಕ ಬರುವ ಫೇಸ್ ಫ್ರಿಜ್ಜಿನ ಮೈಮೇಲೆ ಕಾಣಿಸಿಕೊಳ್ಳುತ್ತೆ. ಯುಪಿಎಸ್ ಲೈನಿನ ದೀಪಗಳಿಗೂ ಇದೇ ಎಚ್ಚರಿಕೆ ಬೇಕು.

ಇಷ್ಟೆಲ್ಲ ಆದಮೇಲೂ ನ್ಯೂಟ್ರಲ್ ಸಿಗದ ಕಡೆಗೆ ಮಾತ್ರ ನ್ಯೂಟ್ರಲ್ ಬೇಡದ ಮಾಡ್ಯೂಲ್. ಇದು ತನ್ನ ಊಟಕ್ಕೆ ಬೇಕಾದ ಕರೆಂಟನ್ನು ದೀಪದ ಮೂಲಕವೇ ಎಳೆದುಕೊಳ್ಳುತ್ತೆ, ದೀಪ ಆಫ್ ಇದ್ದಾಗಲೂ. ಹಾಗಾಗಿ ಕಡಿಮೆ ಕರೆಂಟಿನಲ್ಲಿ ಬದುಕುವ, ಹಬ್ ಅನ್ನುವ ಪೆಟ್ಟಿಗೆಯ ಜೊತೆ ರೇಡಿಯೋದಲ್ಲಿ ಮಾತಾಡುವ ಜಿಗ್‌ಬಿ ಮಾಡ್ಯೂಲ್‌ಗಳೇ ಇಲ್ಲಿ ಹೊಂದುತ್ತವೆ. ವೈಫೈಗೆ ಆಗಾಗ ಹೆಚ್ಚು ಕರೆಂಟ್ ಬೇಕು, ಅದಕ್ಕೆ ಸಣ್ಣ ದೀಪದ ಮೇಲೆ ಹಾಕಿದರೆ ಪದೇ ಪದೇ ಆಫ್‌ಲೈನ್ ಆಗುತ್ತೆ. ಸೋನಾಫ್‌ನ ಜೆಡ್‌ಬಿಮಿನಿ-ಎಲ್2 ತರಹದ್ದು ಬೆಂಕಿಪೆಟ್ಟಿಗೆಯಷ್ಟಿರುತ್ತೆ, ಸ್ವಿಚ್ಚಿನ ಹಿಂದೆ ಕೂರುತ್ತೆ, 6 ಆಂಪ್ ತಡೆಯುತ್ತೆ. ಮೇನ್ ಆಫ್ ಮಾಡಿ, ಟೆಸ್ಟರಿನಿಂದ ಖಾತ್ರಿ ಮಾಡಿಕೊಂಡು, ಸ್ವಿಚ್ಚಿನಿಂದ ಎರಡು ವೈರನ್ನೂ ಬಿಡಿಸಿ. ಫೇಸ್ ಮಾಡ್ಯೂಲಿನ ‘ಎಲ್ ಇನ್’ಗೆ, ದೀಪದ ವೈರು ‘ಎಲ್ ಔಟ್’ಗೆ. ಹಳೇ ಸ್ವಿಚ್ಚಿನ ಎರಡು ತುದಿಯಿಂದ ಚಿಕ್ಕ ವೈರು ಮಾಡ್ಯೂಲಿನ ಎಸ್1, ಎಸ್2 ತುದಿಗಳಿಗೆ. ಸ್ವಿಚ್ಚಿಗೆ ಬೇರೆ ಕಡೆಯಿಂದ ಫೇಸ್ ಲೂಪ್ (ಪಕ್ಕದ ಸ್ವಿಚ್ಚಿನಿಂದ ಎಳೆದ ತುಂಡು ವೈರು) ಬಂದಿದ್ದರೆ ಅದನ್ನು ಬಿಡಿಸಲೇಬೇಕು. ಎಸ್1, ಎಸ್2ಗೆ ಹೊರಗಿನ ಫೇಸ್ ತಾಗಿದರೆ ಮಾಡ್ಯೂಲ್ ಅಲ್ಲೇ ಸುಡುತ್ತೆ. ಸಾಲಾಗಿ ನಾಲ್ಕಾರು ಸ್ವಿಚ್ಚಿಗೆ ಒಂದೇ ಫೇಸನ್ನು ಲೂಪ್ ಮಾಡಿರುವ ಸನ್‌ಮೈಕಾ ಬೋರ್ಡುಗಳಲ್ಲಿ ಈ ಲೂಪ್ ಕತ್ತರಿಸಿ, ಉಳಿದ ಸ್ವಿಚ್ಚುಗಳಿಗೆ ಫೇಸನ್ನು ಬೇರೆಯಾಗಿ ದಾಟಿಸಬೇಕು.

9 ವಾಟಿನ ಒಂದೇ ಎಲ್‌ಇಡಿ ಇದ್ದರೆ, ಆಫ್ ಮಾಡಿದಮೇಲೂ ಮಂಕಾಗಿ ಉರಿಯಬಹುದು, ಇಲ್ಲವೇ ಕೆಲವು ಸೆಕೆಂಡಿಗೊಮ್ಮೆ ಮಿಣುಕಬಹುದು. ಮಾಡ್ಯೂಲ್ ಎಳೆಯುವ ಸಣ್ಣ ಕರೆಂಟ್ ಬಲ್ಬಿನ ಡ್ರೈವರಿನ ಕೆಪಾಸಿಟರನ್ನು ನಿಧಾನಕ್ಕೆ ತುಂಬಿಸುತ್ತೆ, ತುಂಬಿದಾಗ ಒಮ್ಮೆ ಮಿಂಚಿ ಖಾಲಿಯಾಗುತ್ತೆ, ಮತ್ತೆ ಅದೇ. ಮದ್ದು ಬೈಪಾಸ್, ಅಂದರೆ ಆ ಸಣ್ಣ ಕರೆಂಟನ್ನು ಬಲ್ಬಿನ ಬದಲು ತನ್ನ ಮೂಲಕ ಹಾಯಿಸುವ, ಕೆಪಾಸಿಟರ್ ಇರುವ ಬಿಡಿಭಾಗ. ಅದನ್ನು ಹಾಕಬೇಕಾದ್ದು ಬೋರ್ಡಿನಲ್ಲಲ್ಲ, ದೀಪದ ಹತ್ತಿರ, ಹೋಲ್ಡರಿನ ಎರಡು ತುದಿಗೆ ಅಡ್ಡಲಾಗಿ. ಸೀಲಿಂಗ್ ರೋಸಿನ ಒಳಗೆ ಜಾಗ ಸಿಗುತ್ತೆ. ಒಂದು ಸ್ವಿಚ್ಚಿಗೆ ಎರಡು ಮೂರು ಬಲ್ಬ್ ಇದ್ದರೂ ಒಂದೇ ಬೈಪಾಸ್ ಸಾಕು. ಸಿದ್ಧವಾಗಿ ಬರುವುದನ್ನೇ ಕೊಳ್ಳಿ. ಅಂಗಡಿಯ ಫ್ಯಾನ್ ಕೆಪಾಸಿಟರ್ ಬೇಡ: 230 ವೋಲ್ಟಿನಲ್ಲಿ 2.5 ಮೈಕ್ರೋಫ್ಯಾರಡ್ ಅಂದರೆ 180 ಮಿಲಿಆಂಪ್ ಸದಾ ಹರಿಯುತ್ತಿರುತ್ತೆ. 0.1 ಮೈಕ್ರೋಫ್ಯಾರಡ್ ಆದರೆ 7 ಮಿಲಿಆಂಪ್ ಅಷ್ಟೇ. ಯುಪಿಎಸ್ ಸ್ಕ್ವೇರ್ ವೇವ್ ಆಗಿದ್ದರೆ ಬೈಪಾಸ್ ಮಾಮೂಲಿಗಿಂತ ಬಿಸಿಯಾಗುತ್ತೆ, ಹಾಗಾಗಿ ಆ ಲೈನಿನಲ್ಲಿ ನಾನು ಇದನ್ನು ಹಾಕುವುದೇ ಇಲ್ಲ. ಸೈನ್ ವೇವ್ ಇದ್ದರೆ ಚಿಂತೆಯಿಲ್ಲ.

ಫ್ಯಾನಿಗೆ, ಎಗ್ಸಾಸ್ಟಿಗೆ ನ್ಯೂಟ್ರಲ್ ಬೇಡದ ಮಾಡ್ಯೂಲ್ ಬೇಡವೇ ಬೇಡ.

ಮೆಟ್ಟಿಲಿನ ಟೂ-ವೇ (ಒಂದೇ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್) ಬೇರೆಯದೇ ಲೆಕ್ಕ. ಫೇಸ್ ಕೆಳಗಿನ ಬೋರ್ಡಿಗೆ ಬರುತ್ತೆ, ದೀಪದ ವೈರು ಮೇಲಿನ ಬೋರ್ಡಿನಿಂದ ಹೋಗುತ್ತೆ, ನಡುವೆ ಎರಡು ವೈರು. ಕೆಳಗಿನ ಸ್ವಿಚ್ ತೆಗೆದು ಫೇಸನ್ನು ಒಂದು ವೈರಿಗೆ ಖಾಯಂ ಸೇರಿಸಿ, ಇನ್ನೊಂದರ ಎರಡೂ ತುದಿಗೆ ಟೇಪ್ ಸುತ್ತಿಡಿ. ಮೇಲೆ ಮಾಡ್ಯೂಲ್ ಹಾಕಿ, ಕೆಳಗೆ ಬ್ಯಾಟರಿಯ ಜಿಗ್‌ಬಿ ಬಟನ್ ಅಂಟಿಸಿ. ಈ ಬಟನ್ ಹಬ್ ಮೂಲಕ ಕೆಲಸ ಮಾಡುವುದರಿಂದ ಹಬ್ ಯುಪಿಎಸ್ ಮೇಲೆ ಇರಲಿ, ಇಲ್ಲದಿದ್ದರೆ ಕರೆಂಟ್ ಹೋದಾಗ ಮೆಟ್ಟಿಲಿನ ಕೆಳಗೆ ನಿಂತು ಒತ್ತಿದ್ದೇ ಬಂತು.

ನ್ಯೂಟ್ರಲ್ ಬೇಡದ ಮಾಡ್ಯೂಲ್ ಸಿಗ್ನಲನ್ನು ಮುಂದಕ್ಕೆ ದಾಟಿಸುವುದಿಲ್ಲ. ಒಂದೂವರೆ ಅಡಿ ಮಣ್ಣಿನ ಗೋಡೆ, ಜೊತೆಗೆ ಕಬ್ಬಿಣದ ಬಾಕ್ಸ್ ಅಂದರೆ ಹಬ್ಬಿಗೂ ಮಾಡ್ಯೂಲಿಗೂ ಮಾತೇ ನಿಂತುಹೋಗುತ್ತೆ. ನಡುವಿನ ಕೋಣೆಯ ಸಾಕೆಟ್ಟಿನಲ್ಲಿ ಒಂದು ಜಿಗ್‌ಬಿ ಸ್ಮಾರ್ಟ್ ಪ್ಲಗ್ ಹಾಕಿದರೆ ಅದು ದಾಟಿಸುತ್ತೆ. ಹಬ್ಬನ್ನು ವೈಫೈ ರೂಟರಿಗೆ ಅಂಟಿಸಿ ಇಡಬೇಡಿ, ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತವೆ.

ಆ್ಯಪಿನಲ್ಲಿ ಕರೆಂಟ್ ಹೋಗಿ ಬಂದಾಗ ಏನಾಗಬೇಕು ಅನ್ನುವ ಸೆಟ್ಟಿಂಗ್ ಇರುತ್ತೆ, ಅದನ್ನು ‘ಆಫ್’ಗೆ ಇಡಿ. ಮಳೆಗಾಲದ ರಾತ್ರಿ ಎಷ್ಟು ಸಲ ಕರೆಂಟ್ ಹೋಗಿ ಬರುತ್ತೆ ಅನ್ನುವುದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಕಾಫಿಯ ಹೂಮಳೆ ಹೊತ್ತಿನ ಗುಡುಗು ಸಿಡಿಲಿಗೆ ಮೇನ್ ಬೋರ್ಡಿನಲ್ಲಿ ಟೈಪ್ 2 ಎಸ್‌ಪಿಡಿ (ಸಿಡಿಲಿನಿಂದ ಏರುವ ವೋಲ್ಟೇಜನ್ನು ಅರ್ತಿಗೆ ಇಳಿಸುವ ಸಾಧನ) ಹಾಕಿಸಿ. ಅರ್ತ್ ಗುಂಡಿ ಸರಿಯಿಲ್ಲದಿದ್ದರೆ ಅದೂ ದಂಡ.

ಕೊನೆಗೆ ಬೋರ್ಡಿನ ಒಳಮೈಗೆ ‘ನ್ಯೂಟ್ರಲ್ ಇಲ್ಲದ ಮಾಡ್ಯೂಲ್’ ಅಂತ ಮಾರ್ಕರಿನಲ್ಲಿ ಬರೆಯುತ್ತೇನೆ. ಇಂಥ ದೀಪದ ಹೋಲ್ಡರಿನಲ್ಲಿ ಸ್ವಿಚ್ ಆಫ್ ಇದ್ದರೂ ಫೇಸ್ ಸೋರುತ್ತಿರುತ್ತೆ. ಮನೆಯವರಿಗೂ ಹೇಳಿಡಿ: ಬಲ್ಬ್ ಬದಲಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಮೇನ್ ಬೋರ್ಡಿನಲ್ಲಿರುವ ಆ ಲೈನಿನ ಎಂಸಿಬಿ ಸ್ವಿಚ್ಚನ್ನೇ ಇಳಿಸಬೇಕು.