ಹೆಂಚು, ಶೀಟು, ಟೆರೇಸ್ ಕೋಟಿಂಗ್: ಯಾವುದು ಎಷ್ಟು ವರ್ಷ?

ಮೂಡಿಗೆರೆ, ಸಕಲೇಶಪುರ ಕಡೆ ಮನೆ ಇರುವವರು ಮಳೆ ಹಿಡಿಯುವ ಮೊದಲೇ ಮಾಡು (ಛಾವಣಿ) ಒಮ್ಮೆ ನೋಡಿಸಿ. ಮಂಗಳೂರು ಹೆಂಚು 50 ವರ್ಷ ದಾಟಿಯೂ ಬಾಳುತ್ತದೆ. ನಮ್ಮ ಅಜ್ಜ ಹೊದಿಸಿದ ಹೆಂಚು ಇನ್ನೂ ಗಟ್ಟಿ ಇದೆ, ಆದರೆ ಅದರ ಕೆಳಗಿನ ರೀಪು (ಹೆಂಚು ಕೂರುವ ಮರದ ಪಟ್ಟಿ) ಗೆದ್ದಲು ಹಿಡಿದು ಎರಡು ಸಲ ಬದಲಾಯಿಸಬೇಕಾಯಿತು. ಹೆಂಚಿಗಿಂತ ಮೊದಲು ಮರವೇ ಹೋಗುವುದು.

ಕಲರ್ ಶೀಟ್ ದಪ್ಪ ಇದ್ದು ಕೋಟಿಂಗ್ ಚೆನ್ನಾಗಿದ್ದರೆ 20 ವರ್ಷ ಬರುತ್ತದೆ. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಮಾತ್ರ ಅಷ್ಟು ಬಾಳುವುದಿಲ್ಲ, ಬಿಸಿಲಿಗೆ ಬಿರುಕು ಬಿಟ್ಟು ಅಲ್ಲಿಂದಲೇ ನೀರು ಇಳಿಯುತ್ತದೆ, ನಾವು ಸುಮ್ನೆ ಶೀಟೇ ಹೋಯ್ತು ಅಂತ ಹೊಸದಕ್ಕೆ ದುಡ್ಡು ಸುರಿಯುತ್ತೇವೆ. ಮೊದಲು ವಾಷರ್ ಬದಲಾಯಿಸಿ ನೋಡಿ. ಶೀಟ್ ಕತ್ತರಿಸಿದಾಗ ಬಿದ್ದ ಕಬ್ಬಿಣದ ಪುಡಿಯನ್ನು ಅದೇ ದಿನ ಗುಡಿಸಿಸಿ, ಬಿಟ್ಟರೆ ಅಲ್ಲೇ ತುಕ್ಕು ಶುರು.

ಟೆರೇಸ್‌ಗೆ ಹೊಡೆಯುವ ಅಕ್ರಿಲಿಕ್ ವಾಟರ್‌ಪ್ರೂಫ್ ಕೋಟಿಂಗ್ ಸಾಮಾನ್ಯವಾಗಿ 3ರಿಂದ 5 ವರ್ಷ, ಅಷ್ಟೇ. ನೀರು ನಿಲ್ಲುವ ಜಾಗದಲ್ಲಿ ಇನ್ನೂ ಬೇಗ ಏಳುತ್ತದೆ. ಹಾಗಾಗಿ ಇಳಿಜಾರು ಸರಿ ಮಾಡಿಸಿ, ಪಾಚಿ ಪೂರ್ತಿ ಉಜ್ಜಿಸಿ, ಚೆನ್ನಾಗಿ ಒಣಗಿದ ಮೇಲೆ ಹೊಡೆಸಿ.

ಹಳೇ ಕಲ್ನಾರಿನ (ಆಸ್ಬೆಸ್ಟಾಸ್) ಸಿಮೆಂಟ್ ಶೀಟ್ ಇದ್ದರೆ ದಯವಿಟ್ಟು ಒಡೆಯಬೇಡಿ, ಕೊರೆಯಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ತುಂಬಾ ಅಪಾಯ.