ಇಂಗ್ಲೆಂಡಿನಲ್ಲಿ ರೂಟ್ ಕೆನಾಲ್: ಊರಿಗೆ ಹೋಗುವ ತನಕ ಕಾಯಬೇಡಿ

ಇಂಗ್ಲೆಂಡಿಗೆ ಬಂದ ನಮ್ಮವರಲ್ಲಿ ಬಹಳ ಮಂದಿ ಹಲ್ಲಿನ ವಿಷಯವನ್ನು ಊರಿಗೆ ಹೋದಾಗ ನೋಡಿಕೊಂಡರಾಯಿತು ಎಂದು ಮುಂದೂಡುತ್ತಾರೆ. ದಾವಣಗೆರೆಯಲ್ಲೋ ಮಂಗಳೂರಿನಲ್ಲೋ ಗೊತ್ತಿರುವ ಡಾಕ್ಟರ್ ಇದ್ದಾರೆ, ಖರ್ಚೂ ಕಮ್ಮಿ. ಸಣ್ಣ ಹುಳುಕಾದರೆ ಈ ಲೆಕ್ಕ ನಡೆದೀತು. ಆದರೆ ಬಿಸಿ ಕಾಫಿ ಕುಡಿದು ಬಹಳ ಹೊತ್ತಾದರೂ ಇಳಿಯದ, ರಾತ್ರಿ ಮಲಗಿದರೆ ಏರುವ, ಕಚ್ಚಿದರೆ ಜೀವ ಹೋಗುವಂಥ ನೋವಿಗೆ ಈ ಲೆಕ್ಕ ಹಾಕಬೇಡಿ. ಹಲ್ಲಿನೊಳಗಿನ ನರಕ್ಕೇ ಪೆಟ್ಟಾಗಿರುವ ಲಕ್ಷಣ ಅದು. ಆಗ ಹಲ್ಲು ಉಳಿಸಲು ಸಾಮಾನ್ಯವಾಗಿ ರೂಟ್ ಕೆನಾಲ್, ಅಂದರೆ ಬೇರಿನ ನಾಳ ಸ್ವಚ್ಛಮಾಡಿ ಮುಚ್ಚುವ ಚಿಕಿತ್ಸೆ ಬೇಕಾಗುತ್ತದೆ. ನೋವು ತಾನಾಗಿಯೇ ನಿಂತಿತು ಎಂದು ಸಮಾಧಾನಪಡುವುದೂ ತಪ್ಪು. ನರ ಸತ್ತು, ಬೇರಿನ ತುದಿಯಲ್ಲಿ ಸೋಂಕು ಸದ್ದಿಲ್ಲದೆ ಬೆಳೆಯುತ್ತಿರಬಹುದು.

ವೀಸಾ ಜೊತೆ ವಯಸ್ಕರೊಬ್ಬರಿಗೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿರುತ್ತೇವೆ, ವಿದ್ಯಾರ್ಥಿಗಳಿಗೆ 776. ಅಷ್ಟು ಕಟ್ಟಿದ ಮೇಲೆ ಎಲ್ಲವೂ ಉಚಿತ ಎಂದುಕೊಳ್ಳುವುದು ಸಹಜ. ಜಿಪಿಯನ್ನು, ಅಂದರೆ ನಮ್ಮ ಏರಿಯಾದ ಸಾಮಾನ್ಯ ಡಾಕ್ಟರನ್ನು ನೋಡುವುದಕ್ಕೆ ದುಡ್ಡಿಲ್ಲ, ನಿಜ. ಹಲ್ಲಿಗೆ ಮಾತ್ರ ಇಲ್ಲಿಯವರಂತೆ ನಾವೂ ಶುಲ್ಕ ಕೊಡಬೇಕು. ಜಿಪಿ ಹತ್ತಿರ ಹೋದರೆ ಡೆಂಟಿಸ್ಟನ್ನೇ ನೋಡಿ ಎನ್ನುತ್ತಾರೆ.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಹಲ್ಲಿನ ಚಿಕಿತ್ಸೆಗೆ ಮೂರು ಬ್ಯಾಂಡ್‌ಗಳು, ಅಂದರೆ ಶುಲ್ಕದ ಹಂತಗಳಿವೆ. 2025ರ ಏಪ್ರಿಲ್‌ನಲ್ಲಿ ನಿಗದಿಯಾದ ದರದಂತೆ ತಪಾಸಣೆ, ಎಕ್ಸ್‌ರೇ ಇರುವ ಮೊದಲನೆಯದಕ್ಕೆ 27.40 ಪೌಂಡ್, ಫಿಲ್ಲಿಂಗ್, ಹಲ್ಲು ಕೀಳುವುದು, ರೂಟ್ ಕೆನಾಲ್ ಸೇರಿದ ಎರಡನೆಯದಕ್ಕೆ 75.30, ಕ್ರೌನ್ (ಹಲ್ಲಿನ ಮೇಲೆ ಕೂರಿಸುವ ಕ್ಯಾಪ್), ಬ್ರಿಡ್ಜ್, ಹಲ್ಲಿನ ಸೆಟ್ ಬರುವ ಮೂರನೆಯದಕ್ಕೆ 326.70. ಸಾಮಾನ್ಯವಾಗಿ ಪ್ರತಿ ಏಪ್ರಿಲ್‌ನಲ್ಲಿ ದರ ಏರುತ್ತದೆ, ಇವತ್ತಿನ ದರವನ್ನು ಕೇಳಿ ತಿಳಿದುಕೊಳ್ಳಿ; ಮುಂದಿನ ಲೆಕ್ಕಗಳೆಲ್ಲ 2025ರ ದರದ್ದು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ಪದ್ಧತಿ ಬೇರೆ.

ಒಂದು ಚಿಕಿತ್ಸಾ ಯೋಜನೆಗೆ ಒಂದೇ ಶುಲ್ಕ, ಅದರಲ್ಲಿ ಅತಿ ಮೇಲಿನ ಬ್ಯಾಂಡಿನದು. ಮೂರು ಸಲ ಹೋಗಿ ಬಂದರೂ ರೂಟ್ ಕೆನಾಲ್‌ಗೆ 75.30 ಅಷ್ಟೆ. ದವಡೆ ಹಲ್ಲಿಗೆ ರೂಟ್ ಕೆನಾಲ್ ಆದ ಮೇಲೆ ಸಾಮಾನ್ಯವಾಗಿ ಕ್ರೌನ್ ಬೇಕಾಗುತ್ತದೆ, ಇಲ್ಲದಿದ್ದರೆ ಅಗಿಯುವಾಗ ಹಲ್ಲು ಸೀಳುವ ಭಯ. ಎರಡೂ ಒಂದೇ ಯೋಜನೆಯಲ್ಲಿದ್ದರೆ ಒಟ್ಟು 326.70. ರೂಟ್ ಕೆನಾಲ್ ಮುಗಿಸಿ ಲೆಕ್ಕ ಚುಕ್ತಾ ಮಾಡಿ, ಕ್ರೌನ್‌ಗೆಂದು ಮತ್ತೆ ಹೊಸದಾಗಿ ಹೋದರೆ 402. ಆದ್ದರಿಂದ ಕುರ್ಚಿಯಲ್ಲಿ ಕೂತ ದಿನವೇ ಕೇಳಿ: ‘ಈ ಹಲ್ಲಿಗೆ ಕ್ರೌನ್ ಬೇಕಾಗುತ್ತದೆಯೆ? ಒಂದೇ ಯೋಜನೆಯಲ್ಲಿ ಬರೆಯುತ್ತೀರಾ?’ ಖರ್ಚು ನಮೂದಿಸಿದ ಯೋಜನೆಯನ್ನು ಬರಹದಲ್ಲೇ ಕೇಳಿ ಪಡೆಯಿರಿ.

ದರ ಗೊತ್ತಿದ್ದರೂ ಡಾಕ್ಟರ್ ಸಿಗುವುದೇ ಕಷ್ಟ. ಹೊಸ ರೋಗಿಗಳನ್ನು ತೆಗೆದುಕೊಳ್ಳುವ ಎನ್‌ಎಚ್‌ಎಸ್ ಡೆಂಟಿಸ್ಟ್ ಎಷ್ಟೋ ಊರುಗಳಲ್ಲಿ ಸಿಗುವುದಿಲ್ಲ. ಜಿಪಿಯ ಹಾಗೆ ಇಲ್ಲಿ ಏರಿಯಾ ಕಟ್ಟುಪಾಡಿಲ್ಲ, ಪಕ್ಕದ ಊರಿನಲ್ಲೂ ವಿಚಾರಿಸಬಹುದು. ಎನ್‌ಎಚ್‌ಎಸ್ ವೆಬ್‌ಸೈಟಿನ ಪಟ್ಟಿಯನ್ನಷ್ಟೇ ನಂಬದೆ ಒಂದೊಂದಕ್ಕೂ ಫೋನ್ ಮಾಡಿ. ನೋವು ತಡೆಯಲಾಗದಿದ್ದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಕರೆ ಮಾಡಿ. ಎಷ್ಟು ದಿನದಿಂದ, ನಿದ್ದೆ ಬರುತ್ತಿದೆಯೆ, ಜ್ವರವಿದೆಯೆ, ಮುಖ ಊದಿದೆಯೆ ಎಂದೆಲ್ಲ ಕೇಳುತ್ತಾರೆ. ನಮ್ಮ ಜನಕ್ಕೆ ‘ಪರವಾಗಿಲ್ಲ, ತಡ್ಕೋತೀನಿ’ ಎನ್ನುವ ಅಭ್ಯಾಸ. ಇಲ್ಲಿ ಅದು ಬೇಡ. ಎರಡು ರಾತ್ರಿ ನಿದ್ದೆ ಇಲ್ಲ, ಮಾತ್ರೆಗೂ ನೋವು ಬಗ್ಗುತ್ತಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳಿ, ಸರದಿ ನಿರ್ಧಾರವಾಗುವುದು ಅದರ ಮೇಲೆಯೇ. ತುರ್ತು ಭೇಟಿಗೆ 27.40 ಪೌಂಡ್. ಅವತ್ತು ಹಲ್ಲು ತೆರೆದು ಔಷಧ ಇಟ್ಟು ನೋವು ಶಮನ ಮಾಡಿ ಕಳಿಸಬಹುದು. ಪೂರ್ತಿ ರೂಟ್ ಕೆನಾಲ್ ಬೇರೆ ಯೋಜನೆ, ಬೇರೆ ಶುಲ್ಕ. ಆಂಟಿಬಯಾಟಿಕ್ ಕೊಡಲಿಲ್ಲ ಎಂದು ಬೇಸರಪಡಬೇಡಿ. ಒಳಗಿನ ಸೋಂಕು ತೆಗೆಯದೆ ಬರೀ ಮಾತ್ರೆಯಿಂದ ಹಲ್ಲು ವಾಸಿಯಾಗುವುದಿಲ್ಲ.

ಊತ ಕಣ್ಣಿನ ಕಡೆಗೋ ಕತ್ತಿನ ಕಡೆಗೋ ಹರಡಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಮಾತ್ರ ಯಾರಿಗೂ ಕಾಯದೆ ನೇರ ಆಸ್ಪತ್ರೆಯ ತುರ್ತು ಚಿಕಿತ್ಸೆಯ ಎ ಆ್ಯಂಡ್ ಇ ವಿಭಾಗಕ್ಕೆ ಹೋಗಿ. ಪ್ರಾಣಕ್ಕೆ ಅಪಾಯವಾಗುವ ಘಟ್ಟ ಅದು.

ಚಿಕಿತ್ಸೆಯ ಬಗ್ಗೆ ಹೆದರಿಕೆ ಬೇಡ. ಇಂಜೆಕ್ಷನ್ ಕೊಟ್ಟು ಮರಗಟ್ಟಿಸುತ್ತಾರೆ. ಬಾಯಿಗೆ ತೆಳುವಾದ ರಬ್ಬರ್ ಹಾಳೆ ಹೊದಿಸಿ ಆ ಒಂದು ಹಲ್ಲು ಮಾತ್ರ ಹೊರಗೆ ಕಾಣುವಂತೆ ಮಾಡುತ್ತಾರೆ. ತೊಳೆಯುವ ದ್ರಾವಣ ಗಂಟಲಿಗೆ ಇಳಿಯದಿರಲಿ, ಎಂಜಲು ಹಲ್ಲಿನೊಳಗೆ ಹೋಗದಿರಲಿ ಎಂದು ಈ ಏರ್ಪಾಡು. ಕೂದಲಿನಷ್ಟು ಸಪೂರದ ಫೈಲ್‌ಗಳಿಂದ ಬೇರಿನ ನಾಳಗಳನ್ನು ಕೆರೆದು, ತೊಳೆದು, ರಬ್ಬರಿನಂಥ ಗಟ್ಟಾ ಪರ್ಚಾ ತುಂಬಿ ಮುಚ್ಚುತ್ತಾರೆ. ಮಾತಾಡಲು ಆಗುವುದಿಲ್ಲ, ನೋವಾದರೆ ಕೈ ಎತ್ತುವುದೆಂದು ಮೊದಲೇ ಹೇಳಿಕೊಂಡಿರಿ.

ಬೇರು ಡೊಂಕಾಗಿದ್ದರೆ, ಹಳೆಯ ರೂಟ್ ಕೆನಾಲ್ ಕೆಟ್ಟಿದ್ದರೆ ಸ್ಪೆಷಲಿಸ್ಟ್ ಹತ್ತಿರ ಕಳಿಸಬಹುದು. ಖಾಸಗಿಯಾದರೆ ದವಡೆ ಹಲ್ಲಿಗೆ ಸಾವಿರ ಪೌಂಡ್ ದಾಟುವುದೂ ಉಂಟು. ಒಪ್ಪುವ ಮೊದಲು ಇದು ಎನ್‌ಎಚ್‌ಎಸ್‌ನಲ್ಲಿ ಸಾಧ್ಯವೆ ಎಂದು ಕೇಳಿ. ಲಂಡನ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್‌ಗಳಲ್ಲಿ ಡೆಂಟಲ್ ಆಸ್ಪತ್ರೆಗಳಿವೆ. ಅಲ್ಲಿ ವಿದ್ಯಾರ್ಥಿಗಳು ಮಾಡುವ ಚಿಕಿತ್ಸೆಗೆ ದುಡ್ಡಿಲ್ಲ, ಆದರೆ ಸಮಯ ಹಿಡಿಯುತ್ತದೆ.

ಕೌಂಟರಿನಲ್ಲಿ ಕೊಡುವ ಫಾರ್ಮ್‌ನಲ್ಲಿ ಶುಲ್ಕ ವಿನಾಯಿತಿಯ ಕಾಲಂ ಇರುತ್ತದೆ. ಗರ್ಭಿಣಿಯರಿಗೆ, ಹೆರಿಗೆಯಾಗಿ 12 ತಿಂಗಳಾಗದವರಿಗೆ, 18 ತುಂಬದ ಮಕ್ಕಳಿಗೆ ಚಿಕಿತ್ಸೆ ಉಚಿತ. ಬಾಣಂತಿಯರು ಇದನ್ನು ಮರೆಯಬೇಡಿ, ಮೆಟರ್ನಿಟಿ ಎಕ್ಸೆಂಪ್ಷನ್ ಸರ್ಟಿಫಿಕೇಟ್ ಮಾಡಿಸಿಟ್ಟುಕೊಳ್ಳಿ. ಆದಾಯ ಕಡಿಮೆ ಇರುವ ವಿದ್ಯಾರ್ಥಿಗಳು ಶುಲ್ಕದಲ್ಲಿ ನೆರವು ಕೋರಿ ಎಚ್‌ಸಿ1 ಅರ್ಜಿ ಹಾಕಬಹುದು, ಆದರೆ ವೀಸಾದ ಷರತ್ತುಗಳನ್ನು ಮೊದಲು ನೋಡಿಕೊಳ್ಳಿ. ಸರ್‌ಚಾರ್ಜ್ ಕಟ್ಟಿದ್ದೇನಲ್ಲ ಎಂದು ವಿನಾಯಿತಿಗೆ ಟಿಕ್ ಹಾಕಿದರೆ ಶುಲ್ಕದ ಮೇಲೆ 100 ಪೌಂಡ್‌ವರೆಗೆ ದಂಡ ಬೀಳುತ್ತದೆ.

ಬಿಲ್ಲು, ಯೋಜನೆಯ ಪ್ರತಿ ಎರಡನ್ನೂ ಒಂದು ವರ್ಷ ಜೋಪಾನ ಮಾಡಿ. ಎನ್‌ಎಚ್‌ಎಸ್‌ನಲ್ಲಿ ಮಾಡಿದ ರೂಟ್ ಕೆನಾಲ್ ಅಥವಾ ಕ್ರೌನ್ 12 ತಿಂಗಳೊಳಗೆ ಕೆಟ್ಟರೆ, ಸಾಮಾನ್ಯವಾಗಿ ಅದೇ ಡೆಂಟಿಸ್ಟ್ ಹಣ ತೆಗೆದುಕೊಳ್ಳದೆ ಸರಿಮಾಡಿ ಕೊಡಬೇಕು.