ನ್ಯೂರಾಲಜಿ ಪೇಪರುಗಳ ಸೈಟೇಶನ್ ಅಳೆಯುವುದು ಹೇಗೆ: ಮಂಗನ ಕಾಯಿಲೆಯನ್ನು ಹಿಡಿದುಕೊಂಡು

ಡಿಸರ್ಟೇಶನ್‌ಗೆ ವಿಷಯ ಹುಡುಕುವ ಎಂ.ಡಿ. ವಿದ್ಯಾರ್ಥಿಗಳು ಗ್ರಂಥಾಲಯಕ್ಕೆ ಬಂದರೆ ಎರಡು ಪ್ರಶ್ನೆ ಒಟ್ಟಿಗೇ ಕೇಳುತ್ತಾರೆ: ನ್ಯೂರಾಲಜಿಯಲ್ಲಿ ಈಗ ಏನು ಓಡುತ್ತಿದೆ, ಯಾವ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪೇಪರುಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬೀಳುತ್ತದೆ ಎಂಬ ಅಂಕಿ) ಜಾಸ್ತಿ? ಕಾರವಾರದಲ್ಲಿ ಕೂತು ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಡುವುದು ನನ್ನ ಉದ್ಯೋಗ. ಉತ್ತರ ಸಿಗುತ್ತದೆ, ಕಷ್ಟವೇನಿಲ್ಲ. ಆದರೆ ಓಡುವ ವಿಷಯದ ಬೆನ್ನು ಹತ್ತಿದವರಿಗಿಂತ, ತಮ್ಮ ವಾರ್ಡಿನಲ್ಲಿ ಕಂಡ ಪ್ರಶ್ನೆಯನ್ನೇ ಹಿಡಿದು ಅದರ ಬಗ್ಗೆ ಜಗತ್ತು ಎಷ್ಟು ಬರೆದಿದೆ, ಎಲ್ಲಿ ಕೈಬಿಟ್ಟಿದೆ ಎಂದು ಅಳೆದವರ ಕೆಲಸ ಗಟ್ಟಿ ನಿಲ್ಲುವುದನ್ನು ನಾನು ಕಂಡಿದ್ದೇನೆ. ಹಾಗೆ ಅಳೆಯುವ ಬಗೆಯನ್ನು ಇಲ್ಲಿ ಬರೆಯುತ್ತೇನೆ.

ಉದಾಹರಣೆಗೆ ನಮ್ಮದೇ ಜಿಲ್ಲೆಯ ಮಂಗನ ಕಾಯಿಲೆಯನ್ನು ತೆಗೆದುಕೊಳ್ಳೋಣ. ನನ್ನ ಊರು ಸಿದ್ದಾಪುರದ ಕಡೆ. ಬೇಸಿಗೆಯಲ್ಲಿ ಕಾಡಿನಲ್ಲಿ ಮಂಗ ಸತ್ತಿದೆ ಎಂಬ ಸುದ್ದಿ ಬಂದರೆ ದರಕು, ಅಂದರೆ ಒಣಗಿದ ಎಲೆ, ಗುಡಿಸಿ ತರಲು ಹೋಗುವವರ ಮನೆಯಲ್ಲಿ ಎಂಥ ಆತಂಕ ಶುರುವಾಗುತ್ತದೆ ಎಂದು ಬಲ್ಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ ಇದು, ಉಣುಗು ಕಚ್ಚಿ ಬರುವ ವೈರಸ್ಸಿನದು. ಇಂಗ್ಲಿಷಿನಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಮೊಟಕಾಗಿ ಕೆಎಫ್‌ಡಿ. ಎಲ್ಲರೂ ಇದನ್ನು ರಕ್ತಸ್ರಾವದ ಜ್ವರ ಎಂದೇ ಓದುತ್ತಾರೆ. ಆದರೆ ಕೆಲವರಲ್ಲಿ ಮೊದಲ ಜ್ವರ ಬಿಟ್ಟು ಒಂದೆರಡು ವಾರ ಆರಾಮಿದ್ದು ಮತ್ತೆ ಜ್ವರ ಬರುತ್ತದೆ. ಆಗ ವಿಪರೀತ ತಲೆನೋವು, ನಡುಕ, ಮನಸ್ಸಿನ ಗೊಂದಲ, ದೃಷ್ಟಿಯ ತೊಂದರೆ ಕಾಣಿಸಿಕೊಳ್ಳುತ್ತವೆ. ಅಂದರೆ ಅದು ನ್ಯೂರಾಲಜಿಯ ವಿಷಯವೂ ಹೌದು. ಈ ಎರಡನೇ ಹಂತದ ಬಗ್ಗೆ ಯಾರು, ಎಷ್ಟು, ಎಲ್ಲಿ ಬರೆದಿದ್ದಾರೆ? ನಮ್ಮ ಪ್ರಶ್ನೆ ಇಷ್ಟೇ.

ಮೊದಲು ಪಬ್‌ಮೆಡ್ ಎಂಬ ವೈದ್ಯಕೀಯ ಪೇಪರುಗಳ ಡೇಟಾಬೇಸ್. ಪುಕ್ಕಟೆ, 3.7 ಕೋಟಿಗೂ ಹೆಚ್ಚು ದಾಖಲೆ, ಮೊಬೈಲಿನಲ್ಲೂ ತೆರೆಯುತ್ತದೆ. ಹಾವೇರಿ ಕಡೆಯ ಹುಡುಗನೊಬ್ಬ ನನ್ನ ಪಕ್ಕದಲ್ಲೇ ಕೂತು ಹುಡುಕಾಟದ ಪೆಟ್ಟಿಗೆಯಲ್ಲಿ 'ಕೆಎಫ್‌ಡಿ' ಎಂದು ಮೂರಕ್ಷರ ಹೊಡೆದ.

"ಮೇಡಂ, ಭಾಳ ಪೇಪರ್ ಅದಾವ್ರಿ!"

"ಹೆಡ್ಡಿಂಗ್ ಓದು ತಮ್ಮಾ."

ಓದುತ್ತ ಹೋದಂತೆ ಅವನ ಮುಖ ಸಣ್ಣಗಾಯಿತು. ಪಟ್ಟಿಯಲ್ಲಿ ಕುತ್ತಿಗೆಯ ದುಗ್ಧಗ್ರಂಥಿ ಬಾತುಕೊಳ್ಳುವ ಕಿಕುಚಿ-ಫುಜಿಮೊಟೊ ರೋಗದ ಪೇಪರುಗಳೂ ಸೇರಿಕೊಂಡಿದ್ದವು. ಅದನ್ನೂ ಇಂಗ್ಲಿಷಿನಲ್ಲಿ ಕೆಎಫ್‌ಡಿ ಎಂದೇ ಮೊಟಕುಗೊಳಿಸುತ್ತಾರೆ. ಹಾಗಾಗಿ ಮೊಟಕು ಹೆಸರನ್ನು ನಂಬಬೇಡಿ. 'ಅಡ್ವಾನ್ಸ್‌ಡ್' ಪುಟಕ್ಕೆ ಹೋಗಿ ರೋಗದ ಪೂರ್ಣ ಹೆಸರನ್ನು ಎರಡು ಕಡೆ ಹಾಕಿ: ಒಂದು ಸಲ ಮೆಶ್ ಪದವಾಗಿ (ಪೇಪರಿನ ವಿಷಯ ಗುರುತಿಸಲು ಡೇಟಾಬೇಸಿನವರು ಅಂಟಿಸುವ ನಿಗದಿತ ಪದ), ಇನ್ನೊಂದು ಸಲ ಟೈಟಲ್/ಅಬ್‌ಸ್ಟ್ರಾಕ್ಟ್‌ನಲ್ಲಿ ಬರುವ ಮಾತಾಗಿ. ನಡುವೆ 'ಆರ್' (ಅಥವಾ) ಇರಲಿ. ಮೆಶ್ ಒಂದೇ ಸಾಲದು. ನಮ್ಮ ದೇಶದ ಕೆಲವು ಜರ್ನಲ್‌ಗಳ ಪೇಪರು ಪಿಎಂಸಿ ಎಂಬ ಉಚಿತ ಪೂರ್ಣಪಾಠ ಸಂಗ್ರಹದ ದಾರಿಯಿಂದ ಪಬ್‌ಮೆಡ್ ಸೇರುತ್ತವೆ, ಅವಕ್ಕೆ ಮೆಶ್ ಪದ ಅಂಟಿರುವುದಿಲ್ಲ. ಬರೀ ಮಾತೂ ಸಾಲದು. ಐವತ್ತು, ಅರವತ್ತರ ದಶಕದ ಪೇಪರುಗಳಿಗೆ ಪಬ್‌ಮೆಡ್‌ನಲ್ಲಿ ಸಾಮಾನ್ಯವಾಗಿ ಸಾರಾಂಶವೇ ಇಲ್ಲ, ಹೆಡ್ಡಿಂಗಿನಲ್ಲಿ ಪದ ಇಲ್ಲದಿದ್ದರೆ ಅವು ತಪ್ಪಿಹೋಗುತ್ತವೆ. ಮಂಗನ ಕಾಯಿಲೆಯ ಆರಂಭದ ಕೆಲಸವೆಲ್ಲ ಆ ಕಾಲದ್ದೇ ಆದ್ದರಿಂದ ಇದು ಸಣ್ಣ ಮಾತಲ್ಲ. 'ಮಂಕಿ ಫೀವರ್' ಎಂಬುದನ್ನೂ ಸೇರಿಸಿ. ಇಷ್ಟಾದ ಮೇಲೆ 'ಆಂಡ್' ಹಾಕಿ ನರಮಂಡಲದ ಪದಗಳನ್ನು ಜೋಡಿಸಿ: ಎನ್ಸೆಫಲೈಟಿಸ್ (ಮೆದುಳಿನ ಉರಿಯೂತ), ಮೆನಿಂಜೈಟಿಸ್, ಟ್ರೆಮರ್, ಸೀಜರ್, ನ್ಯೂರೋಲಾಜಿಕ್ ಮ್ಯಾನಿಫೆಸ್ಟೇಶನ್ಸ್. ಮೊದಲ ಪಟ್ಟಿಗೂ ಈ ಎರಡನೇ ಪಟ್ಟಿಗೂ ಇರುವ ಅಂತರವನ್ನು ಬರೆದಿಟ್ಟುಕೊಳ್ಳಿ. ಆ ಅಂತರವೇ ನಿಮ್ಮ ಡಿಸರ್ಟೇಶನ್ನಿನ ಪೀಠಿಕೆ.

ಪಟ್ಟಿಯ ಎಡಗಡೆ ವರ್ಷವಾರು ಕಂಬಗಳ ಚಿತ್ರ ಇರುತ್ತದೆ, ಅದನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಳ್ಳಬಹುದು. ಕಂಬ ಏರಿತು ಎಂದ ಕೂಡಲೇ ಟ್ರೆಂಡ್ ಎಂದು ಬರೆಯಬೇಡಿ. ಪಬ್‌ಮೆಡ್‌ಗೆ ಸೇರುವ ಒಟ್ಟು ಪೇಪರೇ ವರ್ಷ ವರ್ಷ ಹೆಚ್ಚುತ್ತಿದೆ, ಹಾಗಾಗಿ ಯಾವ ವಿಷಯ ಹಾಕಿದರೂ ಕಂಬ ಏರಿದಂತೆಯೇ ಕಾಣುತ್ತದೆ. ಅದೇ ವರ್ಷದ ನರರೋಗದ ಒಟ್ಟು ಪೇಪರುಗಳಿಂದ ಭಾಗಿಸಿ, ಸಾವಿರಕ್ಕೆ ಎಷ್ಟು ಎಂದು ನೋಡಿ. ಆಮೇಲೂ ಏರಿದ್ದರೆ ಕಾರಣ ಹುಡುಕಿ. ಮಂಗನ ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿ ಕಂಡಿತು, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗಕ್ಕೆ ಹರಡಿತು. 2018-19ರಲ್ಲಿ ಸಾಗರದ ಅರಳಗೋಡಿನಲ್ಲಿ ಜೀವಗಳು ಹೋದವು. ಪೇಪರುಗಳು ಬರುವುದು ಇಂಥ ಸಾವುಗಳ ಹಿಂದಿನಿಂದ, ಒಂದೆರಡು ವರ್ಷ ತಡವಾಗಿ. ನಿಮ್ಮ ನಕ್ಷೆಯಲ್ಲಿ ರೋಗ ಕಾಣಿಸಿಕೊಂಡ ವರ್ಷಗಳನ್ನೂ ಗುರುತು ಮಾಡಿ.

ನ್ಯೂರಾಲಜಿಯ ದೊಡ್ಡ ಅಲೆಗಳಿಗೂ ಇಂಥ ಕಾರಣಗಳಿವೆ. 2007ರಲ್ಲಿ ಎನ್‌ಎಂಡಿಎ ರಿಸೆಪ್ಟರ್ ವಿರುದ್ಧದ ಪ್ರತಿಕಾಯದಿಂದ ಬರುವ ಎನ್ಸೆಫಲೈಟಿಸ್ ಗುರುತಾದ ಮೇಲೆ ಆಟೋಇಮ್ಯೂನ್ ಎನ್ಸೆಫಲೈಟಿಸ್ ಎಂಬ ಕವಲೇ ಬೆಳೆಯಿತು. 2015ರಲ್ಲಿ ಮೆದುಳಿನ ರಕ್ತನಾಳದ ಹೆಪ್ಪನ್ನು ತಂತಿ ಹಾಕಿ ಎಳೆದು ತೆಗೆಯುವ ಚಿಕಿತ್ಸೆಯ ಟ್ರಯಲ್‌ಗಳು ಬಂದ ಮೇಲೆ ಸ್ಟ್ರೋಕ್ ಸಾಹಿತ್ಯದ ದಿಕ್ಕೇ ಬದಲಾಯಿತು. 2023ರಲ್ಲಿ ಅಮೆರಿಕದಲ್ಲಿ ಆಲ್ಜೈಮರ್ಸ್ ಎಂಬ ಮರೆವಿನ ರೋಗದ ಲೆಕಾನೆಮ್ಯಾಬ್ ಔಷಧಿಗೆ ಪೂರ್ಣ ಅನುಮತಿ ಸಿಕ್ಕಿತು, ಆ ರೋಗಕ್ಕೆ ರಕ್ತಪರೀಕ್ಷೆ ಹುಡುಕುವ ಕೆಲಸವೂ ಜೋರಾಗಿದೆ. 2020ರ ಕೋವಿಡ್ ಅಲೆಯನ್ನಂತೂ ಪ್ರತ್ಯೇಕವಾಗಿಯೇ ನೋಡಬೇಕು. ವುಹಾನ್‌ನ 214 ರೋಗಿಗಳ ನರಲಕ್ಷಣಗಳ ಬಗ್ಗೆ ಜಾಮಾ ನ್ಯೂರಾಲಜಿಯಲ್ಲಿ ಬಂದ ಒಂದೇ ಪೇಪರನ್ನು ಸಾವಿರಾರು ಮಂದಿ ಉಲ್ಲೇಖಿಸಿದರು. ಆ ಎರಡು ವರ್ಷ ಎಷ್ಟೋ ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಉಬ್ಬಿ ಆಮೇಲೆ ಇಳಿಯಿತು. ಆ ಉಬ್ಬಿನ ಅಂಕಿಯನ್ನು ಇಂದಿಗೂ ಮುಖಪುಟದಲ್ಲಿ ಹಾಕಿಕೊಂಡಿರುವವರ ಬಗ್ಗೆ ಎಚ್ಚರವಾಗಿರಿ.

ಈಗ ಸೈಟೇಶನ್, ಅಂದರೆ ಒಂದು ಪೇಪರನ್ನು ಎಷ್ಟು ಬೇರೆ ಪೇಪರುಗಳು ಉಲ್ಲೇಖಿಸಿವೆ ಎಂಬ ಲೆಕ್ಕ. ಗೂಗಲ್ ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಡೇಟಾಬೇಸುಗಳು ಮೂರೂ ಒಂದೇ ಪೇಪರಿಗೆ ಮೂರು ಸಂಖ್ಯೆ ಕೊಡುತ್ತವೆ. ಸ್ಕಾಲರ್ ಥೀಸಿಸ್, ಪ್ರೀಪ್ರಿಂಟ್ (ತಜ್ಞರ ಪರಿಶೀಲನೆಗೆ ಮುಂಚೆಯೇ ಹಾಕಿದ ಪೇಪರು), ವರದಿಗಳನ್ನೂ ಎಣಿಸುವುದರಿಂದ ಸಾಮಾನ್ಯವಾಗಿ ಅದರದ್ದೇ ದೊಡ್ಡದು. ಯಾವುದನ್ನು ಬಳಸಿದರೂ ಸರಿ, ಒಂದರ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕ ಇಡಬೇಡಿ. ಕಾಲೇಜಿನಲ್ಲಿ ಸ್ಕೋಪಸ್ ಇಲ್ಲದವರಿಗೆ ಓಪನ್‌ಅಲೆಕ್ಸ್, ಡೈಮೆನ್ಷನ್ಸ್‌ನ ಉಚಿತ ಆವೃತ್ತಿ ಸಾಕು. ಪೇಪರುಗಳ ಪೂರ್ಣಪಾಠಕ್ಕೆ 2025ರ ಜನವರಿಯಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಇದೆ, ಸರ್ಕಾರಿ ಕಾಲೇಜಿನವರು ತಮ್ಮ ಗ್ರಂಥಪಾಲಕರನ್ನು ಕೇಳಿ ಪಡೆಯಿರಿ. ಕೇಳುವುದಕ್ಕೆ ಸಂಕೋಚ ಬೇಡ, ಆ ಸೌಲಭ್ಯ ಇರುವುದೇ ನಿಮಗಾಗಿ.

ನಾನು ಹೆಚ್ಚು ಇಷ್ಟಪಡುವುದು ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನವರ ಐಸೈಟ್ ಎಂಬ ಉಚಿತ ತಾಣವನ್ನು. ಪಬ್‌ಮೆಡ್‌ನಿಂದ ಪಿಎಂಐಡಿ ಸಂಖ್ಯೆಗಳನ್ನು (ಅಲ್ಲಿ ಪ್ರತಿ ಪೇಪರಿಗೂ ಇರುವ ಗುರುತಿನ ಸಂಖ್ಯೆ) ತಂದು ಅಲ್ಲಿ ಸುರಿದರೆ ಪ್ರತಿ ಪೇಪರಿಗೂ ಆರ್‌ಸಿಆರ್ ಎಂಬ ಅಂಕಿ ಬರುತ್ತದೆ. ಅದೇ ಕ್ಷೇತ್ರದ, ಅದೇ ವಯಸ್ಸಿನ ಪೇಪರುಗಳ ಜೊತೆ ಹೋಲಿಸಿ ಹಾಕಿದ ಲೆಕ್ಕ ಅದು. 1.0 ಎಂದರೆ ಎನ್‌ಐಎಚ್ ಧನಸಹಾಯ ಪಡೆದ ಪೇಪರುಗಳ ನಡುಮಟ್ಟ. ಉಣುಗಿನ ರೋಗದ ಬಗ್ಗೆ ಬರೆಯುವವರು ಜಗತ್ತಿನಲ್ಲೇ ಕಡಿಮೆ, ಆಲ್ಜೈಮರ್ಸ್ ಬಗ್ಗೆ ಬರೆಯುವವರು ಲೆಕ್ಕವಿಲ್ಲದಷ್ಟು. ಬರೀ ಸೈಟೇಶನ್ ಎಣಿಸಿ ಇವೆರಡನ್ನು ಪಕ್ಕಪಕ್ಕ ಇಟ್ಟರೆ ನಮ್ಮ ಕಾಡಿನ ರೋಗದ ಮೇಲೆ ದುಡಿದವರಿಗೆ ಅನ್ಯಾಯ.

ಸಂಖ್ಯೆಯಷ್ಟೇ ಮುಖ್ಯವಾದದ್ದು, ಉಲ್ಲೇಖಿಸಿದವರು ಯಾರು ಎಂಬುದು. ಒಂದು ಹಳೆಯ ಮಂಗನ ಕಾಯಿಲೆಯ ಪೇಪರು ತೆಗೆದುಕೊಂಡು ಅದನ್ನು ಉಲ್ಲೇಖಿಸಿದ ಪಟ್ಟಿಯನ್ನು ಪೂರ್ತಿ ಓದಿ. ವೈರಾಲಜಿಯವರು ಎಷ್ಟು, ಕೀಟಶಾಸ್ತ್ರದವರು ಎಷ್ಟು, ಮಂಗನ ಕಾಯಿಲೆಯ ವೈರಸ್ಸಿಗೆ ಹತ್ತಿರದ ನಂಟಿರುವ ಸೌದಿ ಅರೇಬಿಯಾದ ಅಲ್ಖುರ್ಮಾ ವೈರಸ್ ಬಗ್ಗೆ ಬರೆದವರು ಎಷ್ಟು, ನ್ಯೂರಾಲಜಿ ಜರ್ನಲ್‌ಗಳಲ್ಲಿ ಬರೆದವರು ಎಷ್ಟು ಎಂದು ನಾಲ್ಕು ಕಾಲಂ ಮಾಡಿ. ಇದನ್ನು ಯಾವ ಸಾಫ್ಟ್‌ವೇರೂ ನಿಮ್ಮಷ್ಟು ಚೆನ್ನಾಗಿ ಮಾಡಲಾರದು.

ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ ಹಿಂದಿನ ಎರಡು ವರ್ಷ ಪ್ರಕಟವಾದದ್ದಕ್ಕೆ ಈ ವರ್ಷ ಬಿದ್ದ ಉಲ್ಲೇಖಗಳನ್ನು ಆ ಎರಡು ವರ್ಷದ ಲೇಖನ ಮತ್ತು ರಿವ್ಯೂಗಳ (ಹಿಂದಿನ ಪೇಪರುಗಳನ್ನು ಒಟ್ಟುಗೂಡಿಸಿ ಬರೆದವು) ಸಂಖ್ಯೆಯಿಂದ ಭಾಗಿಸಿದ್ದು. 200 ಪೇಪರಿಗೆ 500 ಉಲ್ಲೇಖ ಬಿದ್ದರೆ 2.5. ಸಿರಸಿ ಮಾರುಕಟ್ಟೆಯ ರಾಶಿ ಅಡಿಕೆಯ ಸರಾಸರಿ ದರ ಓದಿ ನಿಮ್ಮ ಚೀಲದ ಬೆಲೆ ಹೇಳಲಾಗದು, ಹಾಗೆಯೇ ಇದೂ. ಜರ್ನಲ್‌ನ ಬಹುಪಾಲು ಉಲ್ಲೇಖ ಕೆಲವೇ ಪೇಪರುಗಳಿಗೆ ಬಿದ್ದಿರುತ್ತದೆ, ಉಳಿದವು ಆ ಸರಾಸರಿಗಿಂತ ಕೆಳಗೇ ಇರುತ್ತವೆ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಪಾರ್ಕಿನ್ಸನ್ಸ್ ರೋಗದ ಹಂತ ಹೇಳುವ ಹೋನ್-ಯಾರ್ ಪೇಪರು 1967ರದು, ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕುರ್ಟ್ಸ್‌ಕೆ ಮಾಡಿದ ಇಡಿಎಸ್‌ಎಸ್ ಅಳತೆ 1983ರದು. ಎರಡೂ ಬಂದದ್ದು 'ನ್ಯೂರಾಲಜಿ' ಜರ್ನಲ್‌ನಲ್ಲಿ, ಇವತ್ತಿಗೂ ಉಲ್ಲೇಖವಾಗುತ್ತಿವೆ. ಆದರೆ ಎರಡು ವರ್ಷದ ಕಿಟಕಿಯ ಹೊರಗಿರುವುದರಿಂದ ಆ ಉಲ್ಲೇಖಗಳು ಇಂದಿನ ಇಂಪ್ಯಾಕ್ಟ್ ಫ್ಯಾಕ್ಟರ್‌ಗೆ ಸೇರುವುದಿಲ್ಲ. ದೊಡ್ಡ ಅಂಕಿಯ ನೇಚರ್ ರಿವ್ಯೂಸ್ ನ್ಯೂರಾಲಜಿ ಪ್ರಕಟಿಸುವುದು ಮುಖ್ಯವಾಗಿ ರಿವ್ಯೂಗಳನ್ನು, ರಿವ್ಯೂಗಳಿಗೆ ಉಲ್ಲೇಖ ಜಾಸ್ತಿ ಬೀಳುತ್ತದೆ. ಅದನ್ನು 1953ರಿಂದ ನಡೆದುಬಂದ ನಮ್ಮ ನ್ಯೂರಾಲಜಿ ಇಂಡಿಯಾದ ಪಕ್ಕ ಇಟ್ಟು ತೂಗುವುದು ಸರಿಯಲ್ಲ. ಮಂಗನ ಕಾಯಿಲೆಯ ರೋಗಿಯನ್ನು ನೋಡುವ ವೈದ್ಯರು ಓದುವ ಜರ್ನಲ್ ಯಾವುದೋ ಅಲ್ಲಿಗೇ ಕಳಿಸಿ.

ಹೆಸರುಗಳ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ವಿಶೇಷ ಕಷ್ಟ. ಹೆಗಡೆ, ಭಟ್ಟ, ನಾಯ್ಕ ಎಂದರೆ ಊರಿಗೆ ನೂರು ಜನ. ಇಂಗ್ಲಿಷಿನಲ್ಲಿ ಹೆಗಡೆಯನ್ನು ಒಬ್ಬರು ಒಂದು ಅಕ್ಷರ ಬಿಟ್ಟು ಬರೆದರೆ ಇನ್ನೊಬ್ಬರು ಸೇರಿಸಿ ಬರೆಯುತ್ತಾರೆ, ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಡೇಟಾಬೇಸಿನಲ್ಲಿ ಒಬ್ಬರೇ ಮೂವರಾಗುತ್ತಾರೆ, ಮೂವರು ಒಬ್ಬರಾಗುತ್ತಾರೆ. ಮೊದಲ ಪೇಪರು ಕಳಿಸುವ ಮುನ್ನವೇ ಆರ್ಕಿಡ್ ಎಂಬ ಲೇಖಕರ ಗುರುತಿನ ಸಂಖ್ಯೆ ಮಾಡಿಸಿಕೊಳ್ಳಿ, ಪುಕ್ಕಟೆ. ಸಂಸ್ಥೆಯ ವಿಳಾಸ ಹಿಡಿದು ಹುಡುಕುವಾಗಲೂ ಉತ್ತರ ಕನ್ನಡ, ನಾರ್ತ್ ಕೆನರಾ, ನಾರ್ತ್ ಕನ್ನಡ ಎಲ್ಲವನ್ನೂ ಹಾಕಿ. ಹಳೆಯ ಪೇಪರುಗಳಲ್ಲಿ ಜಿಲ್ಲೆ ಹಳೆಯ ಹೆಸರಿನಲ್ಲೇ ಇದೆ.

ಬಣ್ಣಬಣ್ಣದ ಜಾಲದ ಚಿತ್ರ ಬೇಕೆಂದರೆ ಲೈಡನ್ ವಿಶ್ವವಿದ್ಯಾಲಯದ ವಾಸ್‌ವ್ಯೂವರ್ ಎಂಬ ಸಾಫ್ಟ್‌ವೇರ್ ಇದೆ, ಉಚಿತ. ಎರಡು ಮಾತು ನೆನಪಿಡಿ. ಪಬ್‌ಮೆಡ್ ಫೈಲಿನಲ್ಲಿ ಪೇಪರಿನ ಕೊನೆಯ ಉಲ್ಲೇಖಪಟ್ಟಿ ಬರುವುದಿಲ್ಲ, ಆದ್ದರಿಂದ ಅದರಿಂದ ಪದಗಳ ಜಾಲ, ಲೇಖಕರ ಜಾಲ ಮಾತ್ರ ಸಾಧ್ಯ. ಸೈಟೇಶನ್ ಜಾಲಕ್ಕೆ ಸ್ಕೋಪಸ್ ಅಥವಾ ಡೈಮೆನ್ಷನ್ಸ್ ಫೈಲು ಬೇಕು. ಇನ್ನು, ಕೀವರ್ಡ್ ಕನಿಷ್ಠ 5 ಸಲ ಬಂದಿರಬೇಕು ಎಂದು ಅದು ತಾನಾಗಿಯೇ ಇಟ್ಟುಕೊಂಡಿರುತ್ತದೆ. ನಮ್ಮಂಥ ಸಣ್ಣ ವಿಷಯದಲ್ಲಿ ಬೇಕಾದ ಪದಗಳೇ ಉದುರಿಹೋಗುತ್ತವೆ, 2ಕ್ಕೆ ಇಳಿಸಿ.

ಹೆಚ್ಚು ಉಲ್ಲೇಖವಾದದ್ದು ನಿಜ ಎಂದೇನಲ್ಲ. ಆಲ್ಜೈಮರ್ಸ್‌ಗೆ ಕಾರಣವೆಂದು ಒಂದು ಪ್ರೋಟೀನ್ ರೂಪವನ್ನು ತೋರಿಸಿದ 2006ರ ನೇಚರ್ ಪೇಪರನ್ನು ಎರಡು ಸಾವಿರಕ್ಕೂ ಹೆಚ್ಚು ಪೇಪರುಗಳು ಉಲ್ಲೇಖಿಸಿದ್ದವು. ಚಿತ್ರಗಳನ್ನು ತಿದ್ದಿದ್ದು ಬಯಲಾಗಿ 2024ರಲ್ಲಿ ಅದನ್ನು ಹಿಂತೆಗೆದುಕೊಂಡರು. ರೋಗಿಗಳ ಮನೆಯವರ ಆಸೆಯೂ ಅದರ ಜೊತೆ ಹೋಯಿತಲ್ಲ ಎಂದು ನನಗೆ ಸಂಕಟವಾಗುತ್ತದೆ. ನಿಮ್ಮ ಪಟ್ಟಿಯನ್ನು ಝೊಟೆರೊ ಎಂಬ ಪೇಪರು ಜೋಡಿಸಿಡುವ ಸಾಫ್ಟ್‌ವೇರಿನಲ್ಲಿ ಇಟ್ಟುಕೊಂಡರೆ ಹಿಂತೆಗೆದ ಪೇಪರುಗಳನ್ನು ಅದು ತಾನೇ ಎಚ್ಚರಿಸುತ್ತದೆ.

ವಾರದೊಳಗೆ ಪ್ರಕಟಿಸುತ್ತೇವೆ ಎಂದು ಇಮೇಲ್ ಬರುವ ಜರ್ನಲ್‌ಗಳಿಗೆ ಉತ್ತರವನ್ನೇ ಕೊಡಬೇಡಿ. ನಿಜವಾದ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದು ವೆಬ್ ಆಫ್ ಸೈನ್ಸ್ ನಡೆಸುವ ಕ್ಲಾರಿವೇಟ್ ಕಂಪನಿ ಮಾತ್ರ. ಆ ಮಾತಿನ ಹಿಂದೆ ಮುಂದೆ 'ಜರ್ನಲ್' ಬಿಟ್ಟು ಇನ್ನೇನೋ ಪದ ಅಂಟಿಸಿದ್ದರೆ ಅದು ಬೇರೆಯದೇ. ಜರ್ನಲ್‌ನ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್ ಹಿಡಿದು ಕ್ಲಾರಿವೇಟ್‌ನ ಮಾಸ್ಟರ್ ಜರ್ನಲ್ ಲಿಸ್ಟ್, ಸ್ಕೋಪಸ್‌ನ ಸೋರ್ಸ್ ಪಟ್ಟಿ, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಎನ್‌ಎಲ್‌ಎಂ ಕ್ಯಾಟಲಾಗ್ ಮೂರರಲ್ಲೂ ನೋಡಿ. ಯುಜಿಸಿ ಒಪ್ಪಿದ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದ್ದಾರೆ, ಅದರಲ್ಲಿತ್ತು ಎಂಬ ಮಾತು ಈಗ ಆಧಾರವಾಗದು.

ಹುಡುಕಿದ ಪೂರ್ತಿ ಸಾಲು, ಡೇಟಾಬೇಸಿನ ಹೆಸರು, ಹುಡುಕಿದ ದಿನಾಂಕ, ಸಿಕ್ಕ ಸಂಖ್ಯೆ, ಕೈಬಿಟ್ಟ ಪೇಪರು ಮತ್ತು ಕೈಬಿಟ್ಟ ಕಾರಣ ಇಷ್ಟನ್ನೂ ಒಂದು ಫೈಲಿನಲ್ಲಿ ಇಡಿ. ವೈವಾದಲ್ಲಿ ಕೇಳುವುದೇ ಇದನ್ನು. ಪೇಪರುಗಳ ಲೆಕ್ಕದ ಜೊತೆಗೆ ರೋಗಿಗಳ ಕೇಸ್ ಶೀಟ್ ಸಹ ನೋಡುವ ಯೋಜನೆ ಇದ್ದರೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕೇ ಬೇಕು. ಮಂಗನ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇವರೆಗೆ. ದಸರಾ ರಜೆಗೆ ಊರಿಗೆ ಹೋಗುವ ಮುಂಚೆಯೇ ಅರ್ಜಿ ಕೊಟ್ಟುಬಿಡಿ.